ಇಪ್ಪತ್ತನಾಲ್ಕರ ಗಾಳಿ

ಹುಮನಾಬಾದಿನ ಬೈಪಾಸಿನಲ್ಲಿರುವ ಮಹಜಬೀನಳ ಟೈರ್ ಅಂಗಡಿಗೆ ಮೊದಲ ಸಲ ಬಂದವರು ಬೈಸಿಕೊಳ್ಳದೆ ಹೋದದ್ದು ಕಡಿಮೆ. ಕಾರು ನಿಲ್ಲಿಸಿ, ಗಾಜು ಇಳಿಸಿ, ಅತ್ತಿತ್ತ ನೋಡಿ, "ಯಾರರೆ ಗಂಡಸರು ಅದಾರೇನ್ರಿ?" ಎಂದು ಕೇಳಿದರಂತೂ ಮುಗಿದೇ ಹೋಯಿತು.

"ಅದಾರ್ರಿ. ಬಸ್ ಸ್ಟ್ಯಾಂಡಿನ್ಯಾಗ ಬೇಕಾದಷ್ಟು ಮಂದಿ ಕುಂತಾರ. ಅಲ್ಲೇ ಹೋಗಿ ಗಾಳಿ ಹೊಡಿಸ್ಕೋರಿ" ಎನ್ನುವಳು. ಹೀಗೆ ಅಂದವಳು ಅಷ್ಟರಲ್ಲೇ ಜಾಕ್ ಹಚ್ಚಿ ಚಕ್ರ ಎತ್ತಿರುತ್ತಿದ್ದಳು. ಬಾಯಿ ಒಂದು ಕಡೆ, ಕೈ ಒಂದು ಕಡೆ. ಅವಳ ಬಾಯಿಗೆ ಹೆದರಿದವರೂ ಅವಳ ಕೈಗೆ ಒಲಿದು ಮತ್ತೆ ಬರುತ್ತಿದ್ದರು.

ಅಂಗಡಿ ಹಾಕಿದ್ದು ಅವಳ ಅಪ್ಪ ವಜೀರ್. ಮುರಿದ ಲಾರಿಯೊಂದರ ಕ್ಯಾಬಿನ್ನನ್ನೇ ರಸ್ತೆ ಬದಿಗೆ ಎಳೆದು ತಂದು, ಅದರೊಳಗೆ ಕಂಪ್ರೆಸರ್ ಇಟ್ಟು ಮೂವತ್ತು ವರ್ಷ ಬದುಕಿದ. ಮಹಜಬೀನಳಿಗೆ ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಕಲಬುರಗಿಯಲ್ಲಿ ಇನ್ನೊಂದು ಸಂಸಾರ ಹೂಡಿದ. ತವರಿಗೆ ಮರಳಿದವಳು ಮೂಲೆ ಹಿಡಿದು ಅಳುತ್ತ ಕೂಡಲಿಲ್ಲ. ಅಪ್ಪನಿಗೆ ಅದೇ ವರ್ಷ ಒಂದು ಕೈ ಸ್ವಾಧೀನ ತಪ್ಪಿತ್ತು. ಅವನ ಆ ಕೈಯ ಕೆಲಸ ಇವಳು ಹಿಡಿದಳು. ಮೊದಮೊದಲು ಲಾರಿಯವರು ನಕ್ಕರು, ಆಮೇಲೆ ಸುಮ್ಮನಾದರು. ಈಗ ಅವಳಿಗೆ ನಲವತ್ತನಾಲ್ಕು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಕ್ಯಾಬಿನ್ ಇದ್ದಲ್ಲಿ ಈಗ ತಗಡಿನ ಶೆಡ್ಡು, ವೀಲ್ ಬ್ಯಾಲೆನ್ಸ್ ಮಾಡುವ ಮಷೀನು, ಬೋರ್ಡಿನ ಮೇಲೆ ಅಪ್ಪನ ಹೆಸರು.

ವಜೀರ್ ಮಗಳಿಗೆ ಒಂದು ಪದ್ಧತಿ ಕಲಿಸಿ ಹೋಗಿದ್ದ. ಗಾಳಿ ತುಂಬಿದ ಮೇಲೆ ಟೈರಿನ ಒಳಮಗ್ಗುಲಲ್ಲಿ, ಗಾಡಿಯ ಅಡಿಭಾಗದ ಕಡೆಗೆ, ಹೊರಗಿನವರ ಕಣ್ಣಿಗೆ ಬೀಳದಂತೆ, ಹಳದಿ ಮೇಣದ ಕಡ್ಡಿಯಿಂದ ಎಷ್ಟು ಗಾಳಿ, ಯಾವ ತಾರೀಕು ಎಂದು ಉರ್ದು ಅಂಕಿಯಲ್ಲಿ ಬರೆಯಬೇಕು. ನಾಳೆ ಯಾರಾದರೂ ಬಂದು ನೀನು ಸರಿಯಾಗಿ ಗಾಳಿ ಹಾಕಲಿಲ್ಲ ಎಂದು ಜಗಳ ತೆಗೆದರೆ ಟೈರೇ ಜವಾಬು ಹೇಳುತ್ತದೆ ಎನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಮಹಜಬೀನ ಈ ಬರಹ ತೋರಿಸಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದಳು. ಅವಳ ಅಷ್ಟೂ ಸೊಕ್ಕಿಗೆ ಆ ಹಳದಿ ಅಂಕಿಗಳೇ ಆಧಾರವಾಗಿದ್ದವು.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಚೈತ್ರದಲ್ಲಿ. ಬಿಸಿಲು ನಲವತ್ತು ದಾಟಿತೆಂದರೆ ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಗಾಡಿ ಇದ್ದವರಿಗೆಲ್ಲ ಒಂದೇ ಹುಚ್ಚು: ಟೈರಿನ ಗಾಳಿ ಇಳಿಸುವುದು. ಬಿಸಿಲಿಗೆ ಗಾಳಿ ಉಬ್ಬುತ್ತದೆ, ಉಬ್ಬಿದರೆ ಟೈರ್ ಒಡೆಯುತ್ತದೆ, ಆದ್ದರಿಂದ ಮೊದಲೇ ಕಡಿಮೆ ಇರಲಿ ಎನ್ನುವುದು ಅವರ ಲೆಕ್ಕ. ಅಪ್ಪ ಹೇಳಿದ್ದು, ಮಾವ ಹೇಳಿದ್ದು, ಟ್ರ್ಯಾಕ್ಟರ್ ಹೊಡೆಯುವವನು ಹೇಳಿದ್ದು. ಆಗುವುದು ಮಾತ್ರ ಪೂರಾ ಉಲ್ಟಾ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ತನ್ನ ಬಿಸಿಗೆ ತಾನೇ ಬೆಂದು ಹರಿಯುತ್ತದೆ. ಇದನ್ನು ಅವಳು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದಳು. ಗಂಡಸೊಬ್ಬ ಹೇಳಿದ್ದರೆ ಇಷ್ಟರಲ್ಲಿ ನಂಬುತ್ತಿದ್ದರು ಎಂಬ ಹೊಟ್ಟೆಯುರಿಯೂ ಜೊತೆಗಿತ್ತು.

ಈ ವರ್ಷದ ಚೈತ್ರದಲ್ಲಿ ಬಸವಕಲ್ಯಾಣದ ಅಂಬರೀಷ ಬಂದ. ಬೇಳೆ ಮಿಲ್ಲು, ಪ್ಲಾಟಿನ ವ್ಯವಹಾರ, ಇಷ್ಟುದ್ದದ ಕರಿ ಕಾರು. ಕಾರಿಗೆ ಹೈದರಾಬಾದಿನಲ್ಲಿ ದೊಡ್ಡ ರಿಮ್ಮು ಹಾಕಿಸಿದ್ದ. ಹಾಕಿಸುವಾಗ ಗಾಳಿ ಕಡಿಮೆಯಾದರೆ ಸೂಚನೆ ಕೊಡುವ ಸೆನ್ಸರುಗಳನ್ನು ತೆಗೆಸಿ ಒಗೆದಿದ್ದ. ಆ ರಿಮ್ಮಿಗೆ ಹೊಂದುವ ವಿಲಾಯತಿ ಟೈರುಗಳನ್ನು ಒಂದು ತಿಂಗಳಿನಿಂದ ಫೋನಿನಲ್ಲಿ ತೂಗಿ ನೋಡುತ್ತಿದ್ದ. ಕೊನೆಗೆ ಎರಡು ಉಳಿದವು. ಒಂದಕ್ಕೆ ಹಳದಿ ಲೇಬಲ್ಲು, ಇನ್ನೊಂದಕ್ಕೆ ನೀಲಿ. ಎರಡೂ ಬಿರುಸಿನ ಓಟಕ್ಕೆಂದು ಮಾಡಿದ ಬೇಸಿಗೆ ಟೈರುಗಳೇ. ಎರಡನ್ನೂ ನಾಲ್ಕು ನಾಲ್ಕರಂತೆ ತರಿಸಿ ಇವಳ ಶೆಡ್ಡಿನಲ್ಲಿ ಎದುರುಬದುರು ನಿಲ್ಲಿಸಿ, ಕುರ್ಚಿ ಹಾಕಿಕೊಂಡು ಕೂತ.

"ಹಳದಿದು ನೂರರ ಸ್ಪೀಡಿನ್ಯಾಗ ಬ್ರೇಕ್ ಹೊಡದ್ರ ಎರಡ್ ಮೀಟರ್ ಮೊದಲ ನಿಂದರತೈತಿ. ನೀಲಿದು ಬಾಳಿಕಿ ಜಾಸ್ತಿ ಬರತೈತಿ. ಯಾವುದು ಹಾಕ್ಸಲಿ?"

ಮಹಜಬೀನ ಎರಡನ್ನೂ ಉಗುರಿನಿಂದ ಒತ್ತಿ ನೋಡಿದಳು. ಹಳದಿಯದು ಮೆತ್ತಗಿತ್ತು. ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ, ಪಕ್ಕೆ ತೆಳುವು. ನೀಲಿಯದರ ಪಕ್ಕೆ ತುಸು ಬಿರುಸು, ರಸ್ತೆಯ ಕುಣಿ-ಗುಂಡಿಗೆ ತಡೆಯುತ್ತದೆ.

"ನೀಲಿದು ಹಾಕ್ಸರಿ. ನಮ್ಮ ರೋಡಿಗೆ ಅದು ಛಲೋ."

"ಆದ್ರ ಹಳದಿಗೆ ಹತ್ತಕ್ಕ ಒಂಬತ್ತೂವರಿ ಮಾರ್ಕ್ಸ್ ಕೊಟ್ಟಾರಲ್ಲ. ಬ್ಯಾಸಿಗಿ ಟಾಯರ್ ಅಂತ ಬರದಾರ ನೋಡು. ನಮ್ಮ ಬಿಸಿಲಿಗೇ ಮಾಡ್ಯಾರ."

"ಮಾರ್ಕ್ಸ್ ಕೊಟ್ಟವರ ಬ್ಯಾಸಿಗಿ ಅಂದ್ರ ನಮ್ಮ ಚಳಿಗಾಲರಿ, ಸಾಹೇಬ್ರ. ಅವರಿಗೆ ಬರ್ಫ್ ಕರಗಿದ್ರ ಬ್ಯಾಸಿಗಿ. ಅವರೇನು ಸಸ್ತಾಪುರ ಬಂಗ್ಲಾದ ಮುಂದಿನ ಹೈವೇದಾಗ ಮಧ್ಯಾಹ್ನ ಒಂದಕ್ಕ ಗಾಡಿ ಓಡಿಸಿ ನೋಡ್ಯಾರೇನು?"

ಅಂಬರೀಷ ಕೇಳಿದ, ತಲೆಯಾಡಿಸಿದ, ಹಳದಿಯದನ್ನೇ ಹಾಕು ಎಂದ. ಹೀಗೇ ಮಾಡುವವನು ಕೇಳಿದ್ದಾದರೂ ಯಾಕೆ? ಮಹಜಬೀನ ಹಲ್ಲು ಕಚ್ಚಿ ನಾಲ್ಕೂ ಹಾಕಿದಳು, ಬ್ಯಾಲೆನ್ಸ್ ಮಾಡಿದಳು, ಬಾಗಿಲ ಚೌಕಟ್ಟಿನ ಮೇಲೆ ಕಂಪನಿಯವರು ಅಂಟಿಸಿದ ಚೀಟಿ ನೋಡಿ ಮೂವತ್ತಾರು ಪೌಂಡ್ ಗಾಳಿ ತುಂಬಿದಳು. ಅಷ್ಟರಲ್ಲಿ ಅಂಬರೀಷ ಎದ್ದು ಬಂದ.

"ಮೂವತ್ತಾರಾ? ಹುಚ್ಚ ಹಿಡದೈತೇನು? ನಲವತ್ಮೂರು ಡಿಗ್ರಿ ಬಿಸಿಲೈತಿ. ಇಪ್ಪತ್ನಾಲ್ಕಕ್ಕ ಇಳಸು."

"ಇಳಸೂದಿಲ್ರಿ. ಇಳಿಸಿದ್ರ ಒಡೀತದ."

"ನಮ್ಮಪ್ಪ ನಲವತ್ತು ವರ್ಷ ಜೀಪ್ ಓಡಿಸ್ಯಾನ. ಬ್ಯಾಸಿಗ್ಯಾಗ ಇಪ್ಪತ್ನಾಲ್ಕರ ಮ್ಯಾಲ ಹಾಕ್ಸಿಲ್ಲ."

"ನಿಮ್ಮಪ್ಪನ ಜೀಪು ನಲವತ್ತರ ಮ್ಯಾಲ ಓಡ್ತಿದ್ದಿಲ್ರಿ. ಇದು ನೂರಾ ಇಪ್ಪತ್ತರಾಗ ಓಡತೈತಿ."

ಅರ್ಧ ತಾಸು ಹೀಗೇ ನಡೆಯಿತು. ಶೆಡ್ಡಿನ ತಗಡು ಕಾದು ಚಟಚಟ ಅನ್ನುತ್ತಿತ್ತು, ಕಾರ್ಖಾನೆಗಳ ಕಡೆಯಿಂದ ಕೆಮಿಕಲ್ಲಿನ ವಾಸನೆ ಮೂಗಿಗೆ ಅಡರುತ್ತಿತ್ತು. ಕೊನೆಗೆ ಅಂಬರೀಷ ಬೋರ್ಡಿನ ಕಡೆ ನೋಡಿ, ಬಹಳ ಸಮಾಧಾನದ ದನಿಯಲ್ಲಿ ಒಂದು ಮಾತು ಆಡಿದ.

"ವಜೀರ್ ಚಾಚಾ ಇದ್ದಿದ್ರ ಇಷ್ಟ್ ವಾದಾನೇ ಇರ್ತಿದ್ದಿಲ್ಲ. ಅಂವಂಗ ಕೆಲಸ ಗೊತ್ತಿತ್ತು."

ಮಹಜಬೀನಳ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಈ ಚಕ್ರಗಳ ನಡುವೆ ಬೆರಳು ಜಜ್ಜಿಸಿಕೊಂಡು ದುಡಿದವಳಿಗೆ ಕೆಲಸ ಗೊತ್ತಿಲ್ಲವಂತೆ! "ತೊಗೋರಿ, ನಿಮ್ಮ ಮರ್ಜಿ!" ಎಂದು ಗಾಳಿ ಅಳೆಯುವ ಗೇಜ್ ಕಿತ್ತುಕೊಂಡು ಹೋಗಿ ಒಂದೊಂದೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಟ್ಟಳು. ಮೂವತ್ತಾರು, ಮೂವತ್ತು, ಇಪ್ಪತ್ತಾರು, ಇಪ್ಪತ್ತನಾಲ್ಕು. ಒಡೆದರೆ ಒಡೆಯಲಿ, ಆಗ ಬುದ್ಧಿ ಬರುತ್ತದೆ ಎಂದು ಅಂದುಕೊಂಡದ್ದೂ ನಿಜ. ಕೈ ಮಾತ್ರ ತನ್ನ ಪದ್ಧತಿ ಬಿಡಲಿಲ್ಲ. ನಾಲ್ಕು ಟೈರುಗಳ ಒಳಮಗ್ಗುಲಿಗೂ ಹಳದಿ ಕಡ್ಡಿಯಿಂದ ಇಪ್ಪತ್ತನಾಲ್ಕು ಎಂದು ಬರೆದು ತಾರೀಕು ಹಾಕಿತು.

ಆಗ ಆಟೊದಿಂದ ಇಳಿದವನು ನಾಗನಾಥ, ಅಂಬರೀಷನ ಡ್ರೈವರ್. ಧಣಿಯ ತಾಯಿ ಶಕುಂತಲಾಬಾಯಿಗೆಂದು ಮಾಣಿಕನಗರದಿಂದ ಪ್ರಸಾದ ತರಲು ಹೋಗಿದ್ದ. ಹನ್ನೊಂದು ವರ್ಷದಿಂದ ಅವನು ಈ ಅಂಗಡಿಯ ಗಿರಾಕಿ. ವಾರಕ್ಕೊಮ್ಮೆ ಗಾಳಿ ನೋಡಿಸದೆ ಗಾಡಿ ದೊಡ್ಡ ರಸ್ತೆಗೆ ಇಳಿಸುತ್ತಿರಲಿಲ್ಲ. ನೀನೇ ಒಂದು ಗೇಜ್ ಇಟ್ಟುಕೋ ಎಂದು ಅವಳೇ ಎಷ್ಟೋ ಸಲ ಬೈದಿದ್ದಳು. "ನಿನ್ನ ಗೇಜ್ ಇದ್ದ ಮ್ಯಾಲ ನಂದ್ಯಾಕಕ್ಕ" ಎಂದು ಅವನು ನಗುತ್ತಿದ್ದ.

"ಗಾಳಿ ಬರೋಬರಿ ಐತೇನಕ್ಕ?" ಎಂದು ಕೇಳಿದ, ಎಂದಿನಂತೆ.

"ನಿನ್ನ ಧಣಿ ನನಗಿಂತ ಶಾಣ್ಯಾ ಅದಾನ. ಅವಂಗ ಕೇಳು" ಎಂದು ಅವಳು ಬೆನ್ನು ತಿರುಗಿಸಿದಳು.

ಅಕ್ಕನಿಗೆ ಇವತ್ತು ಸಿಟ್ಟು ಬಂದಿದೆ ಎಂದುಕೊಂಡು ನಾಗನಾಥ ನಕ್ಕ. ಪ್ರಸಾದದ ಪೊಟ್ಟಣ ಹಿಂದಿನ ಸೀಟಿಗೆ ಇಟ್ಟು ಧಣಿಯನ್ನು ಕೂಡಿಸಿಕೊಂಡು ಗಾಡಿ ಸುರು ಮಾಡಿ ಹೋದ.

ಐದನೆಯ ದಿನ ಮಧ್ಯಾಹ್ನ ಎರಡಕ್ಕೆ ಪಕ್ಕದ ಗ್ಯಾರೇಜಿನ ಅಕ್ರಮ್ ಕ್ರೇನ್ ತೆಗೆದುಕೊಂಡು ಹೋದ. ಸಂಜೆ ಅವನು ಎಳೆದು ತಂದ ಕರಿ ಕಾರನ್ನು ಮಹಜಬೀನ ದೂರದಿಂದಲೇ ಗುರುತು ಹಿಡಿದಳು. ನಾಗನಾಥ ಶಕುಂತಲಾಬಾಯಿಯನ್ನು ಹೈದರಾಬಾದಿನ ಕಣ್ಣಿನ ಆಸ್ಪತ್ರೆಯಿಂದ ಕರೆದುಕೊಂಡು ಬರುತ್ತಿದ್ದ. ಹೆದ್ದಾರಿಯಿಂದ ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಹಿಂದಿನ ಎಡ ಚಕ್ರ ಒಡೆದು, ಕಾರು ಡಿವೈಡರಿಗೆ ಬಡಿದು, ಎರಡು ಸುತ್ತು ತಿರುಗಿ ನಿಂತಿತ್ತು. ಮುದುಕಿಯ ತೋಳು ಮುರಿದಿತ್ತು. ನಾಗನಾಥನ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು, ಬಲ ಅಂಗೈ ಸೀಳಿತ್ತು.

"ಡ್ರೈವರ್ ನೂರಾನಲವತ್ತರಾಗ ಹೊಡದಾನಂತ. ಮ್ಯಾಲ ನಿದ್ದಿ ಬ್ಯಾರೆ ಹತ್ತಿತ್ತಂತ" ಎಂದ ಅಕ್ರಮ್.

"ಯಾರಂದ್ರು?"

"ಅಂಬರೀಷ ಸೇಠ್. ಠಾಣೆದಾಗ ಕಂಪ್ಲೇಂಟ್ ಕೊಟ್ಟಾನ. ಲೈಸೆನ್ಸ್ ರದ್ದ ಮಾಡ್ಸೇ ಬಿಡ್ತೀನಿ ಅಂತ ಕುಂತಾನ."

ಮಹಜಬೀನ ಒಡೆದ ಚಕ್ರದ ಕಡೆ ತಿರುಗಿದಳು. ಅವಳ ಕಣ್ಣ ಮುಂದೆ ಗೇಜಿನ ಮುಳ್ಳು ಇಳಿಯುತ್ತಿತ್ತು.

ಆಮೇಲಿನ ಎರಡು ದಿನ ಅವಳ ಬಾಯಿಗೆ ಸಿಕ್ಕವರ ಪಾಡು ಹೇಳತೀರದು. ಟ್ಯೂಬ್ ತಂದವನಿಗೆ ಬೈದಳು, ಚಹಾ ತಣ್ಣಗಾಯಿತೆಂದು ಚಹಾದವನಿಗೆ ಬೈದಳು, ಕರೆಂಟ್ ಹೋಯಿತೆಂದು ಲೈನ್‌ಮನ್ನಿಗೆ ಫೋನ್ ಹಚ್ಚಿ ಬೈದಳು. ಮನಸ್ಸಿನಲ್ಲಿ ಅಂಬರೀಷನಿಗೆ ಶಾಪ ಹಾಕಿದಳು. ಹನ್ನೊಂದು ವರ್ಷ ಹೇಳಿದರೂ ಒಂದು ಗೇಜ್ ಕೊಳ್ಳದ ನಾಗನಾಥನಿಗೂ ಬೈದಳು. ಆದರೆ ಎಲ್ಲರಿಗೂ ಬೈದು ಮುಗಿದ ಮೇಲೆ ಒಬ್ಬಳು ಉಳಿಯುತ್ತಿದ್ದಳು. ಆ ಹೆಂಗಸು ಗಾಳಿ ಬಿಟ್ಟಿದ್ದಳು. ಕೇಳಿದವನಿಗೆ ನಿಜ ಹೇಳದೆ ಬೆನ್ನು ತಿರುಗಿಸಿದ್ದಳು. ಇಪ್ಪತ್ತನಾಲ್ಕೈತಿ, ನಿಧಾನಕ ಹೋಗಪ್ಪಾ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಮೂರನೆಯ ದಿನ ಬೆಳಿಗ್ಗೆ ಅಂಬರೀಷನ ಫೋನ್ ಬಂತು. ದನಿಯಲ್ಲಿ ಬೆಣ್ಣೆ ಸವರಿದಂತಿತ್ತು.

"ಇವತ್ತು ಇನ್ಸೂರೆನ್ಸ್ ಸರ್ವೇಯರ್ ಅಕ್ರಮನ ಗ್ಯಾರೇಜಿಗೆ ಬರ್ತಾನ. ಠಾಣೆದಿಂದ ಒಬ್ಬಾಂವ ಬರ್ತಾನ. ಟಾಯರ್ ಹೊಸಾದು, ಗಾಳಿ ಬರೋಬರಿ ಇತ್ತು ಅಂತ ಒಂದ್ ಮಾತು ಹೇಳಿಬಿಡು. ನಿಂದೇನೂ ತಪ್ಪಿಲ್ಲ."

"ಗಾಳಿ ಎಷ್ಟಿತ್ತು ಅಂತ ನೆನಪೈತೇನ್ರಿ ನಿಮಗ?"

"ಅದೆಲ್ಲ ಈಗ್ಯಾಕ ಬೇಕು? ನಿನ್ನ ಅಂಗಡಿ ಹೆಸರೂ ಉಳಿಬೇಕಲ್ಲ" ಎಂದು ಫೋನ್ ಇಟ್ಟ.

ಅಂದರೆ ಅವನಿಗೆ ನೆನಪಿತ್ತು! ಎಲ್ಲ ಗೊತ್ತಿದ್ದೂ ಡ್ರೈವರನ ಕುತ್ತಿಗೆಗೆ ಕಟ್ಟುತ್ತಿದ್ದಾನೆ. ಮಹಜಬೀನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಸೆದಳು. ಅದು ಬಡಿದ ಏಟಿಗೆ ಶೆಡ್ಡಿನ ತಗಡು ತಗ್ಗಾಯಿತು. ಆದರೆ ಆ ಮಾತಿನ ಕೊನೆಯ ಭಾಗ ಅವಳನ್ನು ಬಿಡಲಿಲ್ಲ. ಅಂಗಡಿಯ ಹೆಸರು. ಬೋರ್ಡಿನ ಮೇಲಿದ್ದದ್ದು ಅಪ್ಪನ ಹೆಸರು. ಇಪ್ಪತ್ತನಾಲ್ಕು ಗಾಳಿ ಹಾಕಿ ಹೆದ್ದಾರಿಗೆ ಕಳಿಸಿದ ಅಂಗಡಿ ಎಂದು ಒಮ್ಮೆ ಗೊತ್ತಾದರೆ ಯಾರು ಬರುತ್ತಾರೆ? ಹೆಂಗಸಿನ ಕೈಯಲ್ಲಿ ಕೊಟ್ಟರೆ ಹೀಗೇ ಎಂದು ನಗಲು ಕಾಯುತ್ತಿದ್ದವರು ಎಷ್ಟು ಜನ!

ಆದರೂ ಹೋದಳು. ಗ್ಯಾರೇಜಿನಲ್ಲಿ ಕಲಬುರಗಿಯಿಂದ ಬಂದ ಸರ್ವೇಯರ್ ಕಾರಿನ ಫೋಟೊ ಹೊಡೆಯುತ್ತಿದ್ದ. ಒಬ್ಬ ಪೇದೆ ನೆರಳು ಹುಡುಕಿಕೊಂಡು ನಿಂತಿದ್ದ. ಗೇಟಿನ ಹತ್ತಿರ ನಾಗನಾಥ, ಎದೆಗೆ ಪಟ್ಟಿ, ಬಲಗೈಗೆ ಬ್ಯಾಂಡೇಜು. ಯಾರೂ ಅವನನ್ನು ಒಳಗೆ ಕರೆದಿರಲಿಲ್ಲ. ಅಂಬರೀಷ ಫೋನಿನಲ್ಲಿ ನೀಲಿ ಟೈರಿನ ಚಿತ್ರ ತೋರಿಸುತ್ತ ಸರ್ವೇಯರನಿಗೆ ಹೇಳುತ್ತಿದ್ದ, "ಆ ನೀಲಿ ಲೇಬಲ್ಲಿಂದು ಹಾಕ್ಸಿದ್ರ ಸರ್, ಎಂಥಾ ಡ್ರೈವರಿದ್ರೂ ತಡೀತಿತ್ತು. ನೋಡ್ರಿ, ಇದರ ಪಕ್ಕಿ ಎಷ್ಟ್ ಬಿರುಸೈತಿ." ತಾಯಿಯ ತೋಳು ಮುರಿದರೂ ಇವನ ತೂಕ ಮಾಡುವ ಚಟ ಹೋಗಿರಲಿಲ್ಲ.

ಸರ್ವೇಯರ್ ಬಿಚ್ಚಿಟ್ಟ ಚಕ್ರಗಳನ್ನು ಒಂದೊಂದಾಗಿ ಮಗುಚಿ ನೋಡಿದ. ಒಡೆಯದೆ ಉಳಿದ ಮೂರರ ಒಳಮಗ್ಗುಲಲ್ಲೂ ಹಳದಿ ಗೆರೆಗಳು ಕಂಡವು.

"ಇದೇನು ಬರ್ದಿರೋದು?"

ಅಂಬರೀಷ ಬಗ್ಗಿ ನೋಡಿದ. ಅವನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಪೇದೆಗೂ ಬರುತ್ತಿರಲಿಲ್ಲ. ಅಕ್ರಮನಿಗೆ ಬರುತ್ತಿತ್ತು. ಅವನು ಅಂಕಿ ನೋಡಿದ, ಮಹಜಬೀನಳ ಮುಖ ನೋಡಿದ, ಎಲ್ಲ ಅರ್ಥವಾಯಿತು. ಅಕ್ಕಪಕ್ಕ ದುಡಿದ ಹದಿನೈದು ವರ್ಷದ ಋಣ ಅವನ ಬಾಯಿಂದ ಮಾತಾಡಿತು.

"ಏನಿಲ್ರಿ ಸಾಹೇಬ್. ಗೋದಾಮಿನವರ ಮಾರ್ಕ್. ಎಲ್ಲಾ ಹೊಸಾ ಟಾಯರ್ ಮ್ಯಾಲ ಇರತೈತಿ."

ಸರ್ವೇಯರ್ ತಲೆಯಾಡಿಸಿ ಮುಂದಕ್ಕೆ ಹೋದ. ಅಷ್ಟೇ. ಇಷ್ಟು ಸಲೀಸಾಗಿ ಎಲ್ಲ ಮುಗಿದುಹೋಗುತ್ತಿತ್ತು. ಮಹಜಬೀನಳಿಗೆ ಒಂದು ಗಳಿಗೆ ಉಸಿರು ಹಗುರಾದದ್ದೂ ನಿಜ. ಮರುಗಳಿಗೆಯೇ ಆ ಹಗುರಿನ ಮೇಲೆ ಅಸಹ್ಯ ಬಂತು. ಗೇಟಿನ ಹತ್ತಿರ ನಾಗನಾಥ ಕೈ ಎದೆಗೊತ್ತಿಕೊಂಡು ನೆಲ ನೋಡುತ್ತ ನಿಂತಿದ್ದ.

"ಅಕ್ರಮ್, ಸುಳ್ಳ್ಯಾಕ ಹೇಳ್ತಿ?" ಅವಳ ದನಿಗೆ ಪೇದೆ ಬೆಚ್ಚಿದ. "ಇಲ್ಲಿ ಬರ್ರಿ, ಸಾಹೇಬ್ರ. ಅದು ಗೋದಾಮಿನ ಮಾರ್ಕ್ ಅಲ್ಲ, ನನ್ನ ಕೈಬರಹ. ಇಪ್ಪತ್ನಾಲ್ಕು ಅಂತ ಬರದೈತಿ. ಇಪ್ಪತ್ನಾಲ್ಕು ಗಾಳಿ. ಕೆಳಗ ತಾರೀಕು. ಈ ಗಾಡಿಗೆ ಬೇಕಾದದ್ದು ಮೂವತ್ತಾರು. ಬಾಗಲಾ ತಗದು ಚೀಟಿ ನೋಡ್ರಿ."

"ಏ, ಏನ್ ಮಾತಾಡಾಕತ್ತಿ!" ಎಂದ ಅಂಬರೀಷ.

"ನೀವು ಹೇಳಿದ್ದೇ ಮಾತಾಡಾಕತ್ತೇನಿ. ಬಿಸಿಲೈತಿ, ಇಪ್ಪತ್ನಾಲ್ಕಕ್ಕ ಇಳಸು ಅಂದ್ರಿ. ನಮ್ಮಪ್ಪನ ಹೆಸರು ತಗದು ಕೆಣಕಿದ್ರಿ. ನಾ ಕತ್ತೆ, ಸಿಟ್ಟಿಗೆದ್ದು ಇಳಿಸಿದೆ. ನೀವು ಅಂದದ್ದು ನಿಮ್ಮ ತಪ್ಪು, ಇಳಿಸಿದ್ದು ನನ್ನ ತಪ್ಪು. ಆ ಮನಶ್ಯಾಂದು ಏನೈತಿ ಇದರಾಗ?"

ಒಡೆದ ಟೈರನ್ನು ತಾನೇ ಎಳೆದು ತಂದು ಸರ್ವೇಯರನ ಕಾಲ ಬಳಿ ಕೆಡವಿದಳು. ಒಳಗೆ ಕೈ ಹಾಕಿ ಒಂದು ಹಿಡಿ ಕರಿಯ ಪುಡಿ ತೆಗೆದಳು. "ಇದು ರಬ್ಬರಿನ ಪುಡಿರಿ. ಗಾಳಿ ಕಡಿಮಿ ಇದ್ದು ಪಕ್ಕಿ ತಿಕ್ಕಿ ತಿಕ್ಕಿ ಉದುರಿದ್ದು. ಡ್ರೈವರ್ ನಿದ್ದಿ ಹೊಡದ್ರ ಈ ಪುಡಿ ಬೀಳೂದಿಲ್ಲ. ಹಳದಿದಾಗ್ಲಿ, ನೀಲಿದಾಗ್ಲಿ, ಇಪ್ಪತ್ನಾಲ್ಕರಾಗ ಯಾವುದೂ ಉಳೀತಿದ್ದಿಲ್ಲ. ಬರಕೋರಿ."

ಸರ್ವೇಯರ್ ಪುಡಿಯ ಫೋಟೊ ಹೊಡೆದ, ಅಂಕಿಯ ಫೋಟೊ ಹೊಡೆದ, ಚೀಟಿಯ ಫೋಟೊ ಹೊಡೆದ. ಪೇದೆ ಅವಳ ಹೇಳಿಕೆ ಬರೆದು ಸಹಿ ಮಾಡಿಸಿಕೊಂಡ. ಚೀಟಿ ನೋಡಲು ತೆರೆದಿದ್ದ ಕಾರಿನ ಬಾಗಿಲನ್ನು ಅಂಬರೀಷ ಧಡಾರನೆ ಹಾಕಿ ಹೋದ. ಹೋಗುವಾಗ ನಿನ್ನ ಅಂಗಡಿ ಹೇಗೆ ನಡೆಯುತ್ತದೋ ನೋಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಮಹಜಬೀನ ಗೇಟಿನ ಹತ್ತಿರ ಹೋದಳು. ನಾಗನಾಥ ಎಲ್ಲ ಕೇಳಿಸಿಕೊಂಡಿದ್ದ. ಕೃತಜ್ಞತೆಯ ಮಾತು ಬರಬಹುದೆಂದು ಅವಳು ತನಗೇ ತಿಳಿಯದಂತೆ ಕಾದಿದ್ದಳೋ ಏನೋ. ಅವನು ಅವಳ ಮುಖ ನೋಡಿದ.

"ಅವತ್ತು ನಾ ಕೇಳಿದ್ದೆನಲ್ಲಕ್ಕ" ಎಂದ. ಗೇಟು ದಾಟಿ ಹೊರಟುಹೋದ.

ಡ್ರೈವರನ ಮೇಲಿನ ಕಂಪ್ಲೇಂಟು ಬಿದ್ದುಹೋಯಿತು, ಲೈಸೆನ್ಸ್ ಉಳಿಯಿತು. ಅಂಬರೀಷ ಮಾತ್ರ ಆಡಿದ್ದನ್ನು ಮಾಡಿ ತೋರಿಸಿದ. ಬೈಪಾಸಿನ ಆ ಹೆಂಗಸು ಗಾಳಿ ಇಳಿಸಿ ನನ್ನ ತಾಯಿಯ ತೋಳು ಮುರಿದಳು ಎಂದು ಬಸವಕಲ್ಯಾಣದ ತುಂಬ ಸಾರಿದ. ಇಳಿಸು ಎಂದವರು ಯಾರೆಂದು ಹೇಳುವ ಗೋಜಿಗೆ ಹೋಗಲಿಲ್ಲ. ಅಲ್ಲಿನ ಗಾಡಿಗಳು ಬರುವುದು ನಿಂತಿತು. ಹುಮನಾಬಾದಿನವರೂ ಅರ್ಧ ಜನ ರಸ್ತೆಯ ಆಚೆಗೆ ಹೊಸದಾಗಿ ಆದ ಅಂಗಡಿಗೆ ಹೋದರು. ಮಹಜಬೀನ ಯಾರನ್ನೂ ಕರೆಯಲಿಲ್ಲ. ಒಳಮಗ್ಗುಲ ಬರಹ ಬಿಟ್ಟು, ಹೊರಮಗ್ಗುಲಲ್ಲಿ, ದಾರಿಹೋಕರೂ ಓದುವಂತೆ ಕನ್ನಡದಲ್ಲಿ ದೊಡ್ಡದಾಗಿ ಬರೆಯತೊಡಗಿದಳು. ಕಾರಿನ ಅಂದ ಕೆಡುತ್ತದೆ ಎಂದವರಿಗೆ ಮೊದಲಿನ ಹಾಗೇ ಬೈದಳು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಬಿಳಿ ಜೀಪೊಂದು ಬಂದು ನಿಂತಿತು. ಇಳಿದವನು ನಾಗನಾಥ. ಹಳ್ಳಿಖೇಡದ ಕಬ್ಬಿನ ಗುತ್ತಿಗೆದಾರನೊಬ್ಬನ ಹತ್ತಿರ ಕೆಲಸ ಸಿಕ್ಕಿತ್ತು. ಅಂಗೈಯ ಗಾಯ ಮಾಗಿ ಬಿಳಿ ಗೆರೆಯಾಗಿತ್ತು.

"ಗಾಳಿ ನೋಡಕ್ಕ" ಎಂದ.

ಮಹಜಬೀನ ಗಾಳಿಯ ಪೈಪು ಎಳೆದುಕೊಂಡಳು. "ಇಷ್ಟ್ ದಿನ ಎಲ್ಲಿ ಸತ್ತಿದ್ದಿ?" ಎಂದು ಗದರಿದಳು. ಚೀಟಿ ನೋಡಿದಳು, ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿದಳು, ಎರಡೆರಡು ಸಲ ನೋಡಿದಳು, ಹೊರಗೆ ಮೂವತ್ತೆರಡು ಎಂದು ಬರೆದಳು. "ಆತು, ಹೋಗು. ಬರೋಬರಿ ಐತಿ."

ನಾಗನಾಥ ಹೋಗಲಿಲ್ಲ. ಅಂಗಿಯ ಕಿಸೆಗೆ ಕೈ ಹಾಕಿ ಒಂದು ಹೊಸ ಗೇಜ್ ತೆಗೆದ. ಮೊದಲ ಚಕ್ರದ ಮುಂದೆ ಕೂತು, ಮುಚ್ಚಳ ಬಿಚ್ಚಿ, ಗೇಜ್ ಹಚ್ಚಿ ನೋಡಿದ. ಎದ್ದು ಎರಡನೆಯದಕ್ಕೆ ಹೋದ. ಬೇರೆ ಯಾರೇ ಹೀಗೆ ಮಾಡಿದ್ದರೂ ಅವಳು ಗಾಳಿಯ ಪೈಪನ್ನೇ ಬೀಸಿ ಹೊಡೆಯುತ್ತಿದ್ದಳು. ಈಗ ಅದೇ ಪೈಪು ಹಿಡಿದುಕೊಂಡು, ಬಾಯಿ ಮುಚ್ಚಿ ನಿಂತಳು. ನಾಗನಾಥ ಮೂರನೆಯದನ್ನು ನೋಡಿದ. ಅವಸರ ಮಾಡದೆ ನಾಲ್ಕನೆಯದನ್ನೂ ನೋಡಿದ.